ಪ್ಯಾಕೇಜಾವಲಂಬನ ಮೀಮಾಂಸೆ: ಸ್ವರೂಪ, ಲಕ್ಷಣ, ಪ್ರಭೇದ

ಇಯಾನ್ ಮರ್ಡಾಕ್ 1993ರಲ್ಲಿ ಗೆಳತಿ ಡೆಬ್ರಾಳ ಹೆಸರಿಗೆ ತನ್ನ ಹೆಸರನ್ನು ಸಂಧಿ ಮಾಡಿ ಸ್ಥಾಪಿಸಿದ ಡೆಬಿಯನ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಗೋಚರಿಸುವ ಪ್ಯಾಕೇಜುಗಳ, ಅರ್ಥಾತ್ ತಂತ್ರಾಂಶದ ಗಂಟುಗಳ, ಅನ್ಯೋನ್ಯಾವಲಂಬನೆಯ ಬಹುಮುಖಿ ಆಯಾಮಗಳನ್ನು ತಾತ್ತ್ವಿಕ ಚೌಕಟ್ಟೊಂದರಲ್ಲಿ ನೆಲೆಗೊಳಿಸುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶವಾಗಿರುತ್ತದೆ.

ಅವಲಂಬನೆ ಪಂಚವಿಧ. ಪ್ರಥಮವು ಪೂರ್ವಾವಲಂಬನೆ: ಆಶ್ರಯದಾತ ಪೂರ್ತಿ ಸಿದ್ಧನಾಗುವವರೆಗೆ ಆಶ್ರಿತನ ಗಂಟನ್ನೇ ಬಿಚ್ಚಕೂಡದು. ದ್ವಿತೀಯವು ಶುದ್ಧಾವಲಂಬನೆ: ಗಂಟು ಬಿಚ್ಚಬಹುದು, ಕೆಲಸಕ್ಕೆ ಹಚ್ಚಕೂಡದು. ತೃತೀಯ, ಚತುರ್ಥಗಳು ಶಿಫಾರಸು ಮತ್ತು ಸಲಹೆ. ಶಿಫಾರಸಿನವರು ಕರೆಯದೆಯೂ ಒಳಗೆ ಬಂದು ಕೂರುತ್ತಾರೆ, ಸಲಹೆಯವರು ಬಾಗಿಲಲ್ಲೇ ನಿಂತಿರುತ್ತಾರೆ. ವಿಶ್ವವಿದ್ಯಾಲಯ ಬಲ್ಲವರಿಗೆ ವ್ಯಾಖ್ಯಾನ ಅನಗತ್ಯ. ಪಂಚಮವು ಶೋಭಾವರ್ಧನೆ: 'ನನ್ನಿಂದ ನಿನಗೆ ಕಳೆ' ಎಂದು ಆಶ್ರಿತನೇ ಘೋಷಿಸಿಕೊಳ್ಳುವುದು.

ವಿರೋಧ ದ್ವಿವಿಧ: ಭಂಜನ ಮತ್ತು ಸಂಘರ್ಷ. ಇವುಗಳ ಸೂಕ್ಷ್ಮ ಭೇದವನ್ನು ಮುಂದಿನ ಅಧ್ಯಾಯದಲ್ಲಿ ನಿರೂಪಿಸಲಾಗುವುದು. ಮುಂದಿನ ಅಧ್ಯಾಯ ಇಲ್ಲ.

ಆದ್ಯತೆಯೂ ಪಂಚವಿಧವಾಗಿತ್ತು: ಕಡ್ಡಾಯ, ಮುಖ್ಯ, ಸಾಮಾನ್ಯ, ಐಚ್ಛಿಕ, ಹೆಚ್ಚುವರಿ. ಐಚ್ಛಿಕಕ್ಕೂ ಹೆಚ್ಚುವರಿಗೂ ಇರುವ ವ್ಯತ್ಯಾಸವನ್ನು ವರ್ಷಗಟ್ಟಲೆ ಜತನದಿಂದ ಕಾಯ್ದು, 2017ರಲ್ಲಿ ಅದನ್ನು ಕೈಬಿಟ್ಟರು. ಇವೆಲ್ಲಕ್ಕೂ ಮೇಲೆ 'ಅನಿವಾರ್ಯ' ಎಂಬ ಪಟ್ಟವಿದೆ. ಆ ಪಟ್ಟದ ಪ್ಯಾಕೇಜನ್ನು ಕಿತ್ತುಹಾಕಬೇಕಾದರೆ 'ಹೌದು, ನಾನು ಹೇಳಿದಂತೆ ಮಾಡು!' ಎಂಬರ್ಥದ ಇಂಗ್ಲಿಷ್ ವಾಕ್ಯವನ್ನು ಆಶ್ಚರ್ಯಸೂಚಕ ಚಿಹ್ನೆಯ ಸಮೇತ ಟೈಪ್ ಮಾಡಬೇಕೆಂಬ ವಿಧಿ ಬಹುಕಾಲ ಇತ್ತು. ಒಂದಕ್ಷರ ತಪ್ಪಿದರೂ ಆಜ್ಞೆ ಅಸಿಂಧು.

ಷಷ್ಠವಾಗಿ ಪರಂಪರಾವಲಂಬನೆ... ಇರಲಿ, ವರ್ಗೀಕರಣ ಇಲ್ಲಿಗೆ ಸಾಕು, ನಡೆದದ್ದನ್ನೇ ನೋಡೋಣ.

ದೂರದ ಸರ್ವರ್‌ಗೆ ಲಾಗಿನ್ ಆಗಲು ಬಳಸುವ ಓಪನ್‌ಎಸ್‌ಎಸ್‌ಎಚ್ ಬರೆದವರು ಎಕ್ಸ್‌ಝಡ್ ಎಂಬ ಕಂಪ್ರೆಷನ್ ಲೈಬ್ರರಿ ಬೇಕೆಂದು ಕೇಳಿಯೇ ಇರಲಿಲ್ಲ. ಡೆಬಿಯನ್ನಿನವರು ಹಾಕಿದ ತೇಪೆಯೊಂದು ಸಿಸ್ಟಮ್‌ಡಿ ಎಂಬ ಇನ್ನೊಂದು ತಂತ್ರಾಂಶದ ಲೈಬ್ರರಿಯನ್ನು ಎಳೆದುತಂದಿತು, ಅದು ಎಕ್ಸ್‌ಝಡ್ಡನ್ನು ಎಳೆದುತಂದಿತು. ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದವನು ಲಾಸ್ಸೆ ಕೊಲಿನ್ ಒಬ್ಬನೇ. ಇದು ಸಂಬಳವಿಲ್ಲದ ಹವ್ಯಾಸ ಎಂದು ಅವನು 2022ರಲ್ಲೇ ಹೇಳಿಕೊಂಡಿದ್ದ. ಯಾಕಿಷ್ಟು ನಿಧಾನ, ಬೇರೆಯವರಿಗೆ ಬಿಟ್ಟುಕೊಡು ಎಂದು ಗುರುತಿಲ್ಲದವರು ಪೀಡಿಸಿದರು. 'ಜಿಯಾ ಟ್ಯಾನ್' ಎಂಬ ಹೆಸರಿನಲ್ಲಿ ನೆರವಿಗೆ ಬಂದ ಅನಾಮಿಕ ನಂಬಿಕೆ ಗಳಿಸಿ, 5.6.0ನೆಯ ಆವೃತ್ತಿಯಲ್ಲಿ ಕಳ್ಳಬಾಗಿಲು ಕೂರಿಸಿದ. ಲಾಗಿನ್ ಆಗಲು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಇಂಜಿನಿಯರ್ ಕೆದಕಿ ನೋಡದಿದ್ದರೆ, 2024ರ ಮಾರ್ಚ್ 29ರಂದು ಅದು ಬಯಲಾಗುತ್ತಲೇ ಇರಲಿಲ್ಲ.

ಯಾವ ಪ್ಯಾಕೇಜು ಯಾವುದನ್ನು ನೆಚ್ಚಿದೆ ಎಂದು ಹೇಳಲು ಇಷ್ಟೊಂದು ಪ್ರಭೇದ ಮಾಡಿದ ಪಂಡಿತರೇ, ಆ ಪ್ಯಾಕೇಜು ಬರೆದವನು ಯಾವುದನ್ನು ನೆಚ್ಚಿ ಬದುಕಿದ್ದಾನೆ ಎಂದು ಬರೆಯಲು ಒಂದು ಕಾಲಮ್ಮಾದರೂ ಇಟ್ಟಿರಾ? ಅವನ ಕೋಡ್ ಮೇಲೆ ಕೋಟಿಗಟ್ಟಲೆ ವ್ಯವಹಾರ ನಡೆಸುವ ಕಂಪನಿಗಳಿಗೆ ಅವನು ಯಾವ ವರ್ಗ, ಐಚ್ಛಿಕವೋ ಹೆಚ್ಚುವರಿಯೋ? 2014ರಲ್ಲಿ ಹಾರ್ಟ್‌ಬ್ಲೀಡ್ ಎಂಬ ಲೋಪ ಬಯಲಾದಾಗ, ಅರ್ಧ ಅಂತರ್ಜಾಲ ಕಾಯುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಎಂಬ ಗೂಢಲಿಪಿ ಲೈಬ್ರರಿಗೆ ಪೂರ್ಣಾವಧಿ ದುಡಿಯುತ್ತಿದ್ದವನು ಒಬ್ಬನೇ ಎಂದು ತಿಳಿದು ಎಲ್ಲರೂ ಬೆರಗಾದರು. ಹತ್ತು ವರ್ಷದ ಮೇಲೆ ಮತ್ತೆ ಅದೇ ಬೆರಗು.

ಓದುಗರಲ್ಲಿ ಸರ್ವರ್ ನಡೆಸುವವರಿದ್ದರೆ ಒಂದು ಬಿನ್ನಹ: ಅದರಲ್ಲಿ ಕೂತಿರುವ ಪ್ಯಾಕೇಜುಗಳ ಪಟ್ಟಿ ತೆಗೆಯಿರಿ, ಹೆಸರೇ ಕೇಳಿರದ ಒಂದನ್ನು ಆರಿಸಿ, ಅದನ್ನು ಬರೆದವರಿಗೆ ಈ ತಿಂಗಳು ಒಂದಿಷ್ಟು ದುಡ್ಡು ಕಳಿಸಿ.