ಲೆದರಿಗೆ ಮಡಿಯಿಲ್ಲ, ಬಟ್ಟೆಗೆ ನೆಮ್ಮದಿಯಿಲ್ಲ

ಅಮೆರಿಕದಲ್ಲಿ ಮನೆ ಕೊಳ್ಳುವುದು ಅಂಥ ಕಷ್ಟವೇನಲ್ಲ. ಎಷ್ಟು ದೊಡ್ಡದು ಎಂಬುದನ್ನು ಬ್ಯಾಂಕು ತೀರ್ಮಾನಿಸುತ್ತದೆ. ಮಕ್ಕಳು ಯಾವ ಶಾಲೆಗೆ ಹೋಗಬೇಕೆಂದು ಮನೆಯ ವಿಳಾಸ ತೀರ್ಮಾನಿಸುತ್ತದೆ. ಗೋಡೆಗೆ ಯಾವ ಬಣ್ಣ ಬಳಿಯಬಾರದೆಂದು ಬಡಾವಣೆಯ ಎಚ್‌ಒಎ, ಅಂದರೆ ಮನೆ ಮಾಲೀಕರ ಸಂಘ, ತೀರ್ಮಾನಿಸುತ್ತದೆ. ಗಂಡ ಹೆಂಡತಿ ಕೂತು ತೀರ್ಮಾನಿಸಬೇಕಾದದ್ದು ಸೋಫಾ ಒಂದೇ. ಕೂತು ಮಾತಾಡೋಣವೆಂದರೆ ಅದೇ ಇರುವುದಿಲ್ಲ.

ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಒಂದೂವರೆ ಗಂಟೆ ಕಾರು ಓಡಿಸಿದರೆ ಹೈ ಪಾಯಿಂಟ್ ಎಂಬ ಊರು ಸಿಗುತ್ತದೆ. ಚನ್ನಪಟ್ಟಣಕ್ಕೆ ಬೊಂಬೆ ಹೇಗೋ ಈ ಊರಿಗೆ ಫರ್ನಿಚರ್ ಹಾಗೆ. 1909ರಿಂದ ಇಲ್ಲಿ ಫರ್ನಿಚರ್ ಸಂತೆ ನಡೆಯುತ್ತಿದೆ. ಈಗ ಏಪ್ರಿಲಿನಲ್ಲೊಮ್ಮೆ, ಅಕ್ಟೋಬರಿನಲ್ಲೊಮ್ಮೆ. ಅದಕ್ಕೆ ವ್ಯಾಪಾರಸ್ಥರಿಗಷ್ಟೇ ಪ್ರವೇಶ. ನಮ್ಮಂಥವರಿಗೆ ಸುತ್ತಮುತ್ತಲ ಅಂಗಡಿಗಳಿವೆ. ಸೋಫಾದ ತವರಿನ ಪಕ್ಕದಲ್ಲಿದ್ದುಕೊಂಡು ಆನ್‌ಲೈನಿನಲ್ಲಿ ತರಿಸುವುದು ಮರ್ಯಾದೆಯಲ್ಲ ಎಂದು ನಮ್ಮನೆಯವರು ನಿರ್ಧರಿಸಿದರು. ಹಾಸನದಿಂದ ಆರು ತಿಂಗಳಿಗೆಂದು ಬಂದಿದ್ದ ಅತ್ತೆ ಮಾವನನ್ನು ನಾನು ಕಾರಿಗೆ ಹತ್ತಿಸಿದೆ.

ಹೈ ಪಾಯಿಂಟಿನಲ್ಲಿ ನೋಡಲೇಬೇಕಾದ ಒಂದು ವಸ್ತುವಿದೆ: ಖಾನೆಗಳ ಬೀರುವಿನ ಆಕಾರದ ಕಟ್ಟಡ. ಮೊದಲು ಕಟ್ಟಿದ್ದು 1926ರಲ್ಲಿ. ಈಗ 36 ಅಡಿ ಎತ್ತರವಿದೆ. ತೆರೆದ ಖಾನೆಯಿಂದ ಆಳೆತ್ತರ ಮೀರಿದ ಎರಡು ಕಾಲುಚೀಲಗಳು ಹೊರಗೆ ನೇತಾಡುತ್ತವೆ. ಊರಿನ ಇನ್ನೊಂದು ಕಸುಬು ಕಾಲುಚೀಲ ತಯಾರಿಕೆ, ಅದರ ಗುರುತಿಗೆ. ಅತ್ತೆ ಕತ್ತೆತ್ತಿ ನೋಡಿ, "ಇಷ್ಟು ದೊಡ್ಡ ಬೀರು ಮಾಡೋಕೆ ಪುರುಸೊತ್ತಿತ್ತು, ಕಾಲುಚೀಲ ಒಳಗೆ ತಳ್ಳೋಕೆ ಇರಲಿಲ್ಲ" ಎಂದರು. ಆಮೇಲೆ ತಮ್ಮ ಮಗನ ಕಡೆ ತಿರುಗಿ, "ನಿನ್ನ ರೂಮು ನೋಡ್ಕೊಂಡು ಹೋಗೇ ಕಟ್ಟಿರಬೇಕು ಕಣೋ" ಎಂದರು.

ನಮ್ಮನೆಯವರಿಗೆ ಲೆದರ್ ಬೇಕು. ನನಗೆ ಬಟ್ಟೆ. ಅವರು ಎಕ್ಸೆಲ್ ಶೀಟು ಮಾಡಿಟ್ಟಿದ್ದರು, ನಾನು ಸುಮ್ಮನೆ ಅತ್ತೆಯನ್ನು ಕರೆತಂದಿದ್ದೆ.

ಅಂಗಡಿಯಲ್ಲಿ ಸೇಲ್ಸ್‌ಮನ್ ಲೆದರಿನ ಜಾತಿಗಳನ್ನು ವಿವರಿಸಿದ. ಫುಲ್ ಗ್ರೇನ್ ಎಂದರೆ ಮೇಲ್ಮೈಯನ್ನು ಉಜ್ಜದೆ ಇದ್ದಂತೆಯೇ ಬಿಟ್ಟ ಚರ್ಮ, ಬೆಲೆ ಎಲ್ಲಕ್ಕಿಂತ ಹೆಚ್ಚು. ಟಾಪ್ ಗ್ರೇನ್ ಎಂದರೆ ಮೇಲ್ಮೈಯನ್ನು ನಯವಾಗಿ ಉಜ್ಜಿ ಬಣ್ಣ ಕೊಟ್ಟದ್ದು. ಲೆದರ್ ಮ್ಯಾಚ್ ಎಂದರೆ ಮೈ ತಾಗುವ ಕಡೆ ಚರ್ಮ, ಬೆನ್ನಿನ ಹಿಂದೆ ಮತ್ತು ಪಕ್ಕಗಳಲ್ಲಿ ವಿನೈಲು. ಫುಲ್ ಗ್ರೇನ್ ಮೇಲಿದ್ದ ಸಣ್ಣ ಸಣ್ಣ ಕಲೆಗಳನ್ನು ಹೆಮ್ಮೆಯಿಂದ ತೋರಿಸಿ, ಇವು ಹುಳ ಕಚ್ಚಿದ್ದು, ಇದು ಮುಳ್ಳುತಂತಿ ಗೀರಿದ್ದು, ಅಸಲಿ ಎನ್ನುವುದಕ್ಕೆ ಇದೇ ಸಾಕ್ಷಿ ಎಂದ. ನಾನು ಅತ್ತೆಗೆ ಕನ್ನಡದಲ್ಲಿ ಹೇಳಿದೆ. "ಸೊಳ್ಳೆ ಕಚ್ಚಿದ್ದಕ್ಕೆ ಜಾಸ್ತಿ ದುಡ್ಡಾ? ಸೀರೆ ಅಂಗಡೀಲಿ ಇಷ್ಟು ಕಲೆ ಇದ್ದಿದ್ರೆ ಅರ್ಧ ರೇಟಿಗೆ ಕೊಡೋರು" ಎಂದರು.

ಬಾಂಡೆಡ್ ಲೆದರ್ ಬಗ್ಗೆ ಅವನು ಏನೂ ಹೇಳಬೇಕಾಗಿರಲಿಲ್ಲ. ಚರ್ಮದ ಚೂರುಗಳನ್ನು ಅರೆದು, ಪಾಲಿಯುರೆಥೇನ್ ಜೊತೆ ಬಟ್ಟೆಯ ಮೇಲೆ ಅಂಟಿಸಿದ ಪದಾರ್ಥ ಅದು. ಮೊದಮೊದಲು ಮಿರಿಮಿರಿ ಮಿಂಚಿ, ಕೆಲವು ವರ್ಷದಲ್ಲೇ ಸಿಪ್ಪೆ ಏಳತೊಡಗುತ್ತದೆ. ನಮ್ಮ ಸ್ನೇಹಿತರೊಬ್ಬರ ಮನೆಯಲ್ಲಿ ಅಂಥದ್ದೊಂದಿದೆ. ಯುಗಾದಿಗೆ ಗಂಡಸರೆಲ್ಲ ಬಿಳೀ ಪಂಚೆ ಉಟ್ಟು ಅದರ ಮೇಲೆ ಕೂತಿದ್ದರು. ಊಟಕ್ಕೆ ಎದ್ದು ಹೊರಟ ಸಾಲಿನಲ್ಲಿ ಒಬ್ಬೊಬ್ಬರ ಹಿಂಭಾಗಕ್ಕೂ ಕಪ್ಪು ಹಕ್ಕಳೆ ಮೆತ್ತಿಕೊಂಡಿತ್ತು. ಯಾರೂ ಯಾರಿಗೂ ಹೇಳಲಿಲ್ಲ. ಪಾಯಸ ಬಡಿಸುತ್ತಿದ್ದ ಹೆಂಗಸರು ಮಾತ್ರ ಅಡಿಗೆಮನೆಗೆ ಓಡಿಹೋಗಿ ನಕ್ಕರು.

ಲೆದರಿಗೆ ಅಡ್ಡ ಬಂದವರು ಮಾವ. ನಿವೃತ್ತ ಹೈಸ್ಕೂಲು ವಿಜ್ಞಾನ ಮೇಷ್ಟ್ರು, ಮೃದಂಗದಲ್ಲಿ ಪ್ರೀತಿ. ಫುಲ್ ಗ್ರೇನ್ ಸೋಫಾದ ತುದಿಯಲ್ಲಿ ಕೂತು, "ದೇವರ ಮನೆ ಎದುರಿಗೆ ಹಸುವಿನ ಚರ್ಮ ಹಾಸ್ಕೊಂಡು ಕೂರ್ತೀಯೇನೋ?" ಎಂದು ಕೇಳಿದರು.

"ಅಪ್ಪಾ, ಉಪನಯನದಲ್ಲಿ ನನ್ನ ಜನಿವಾರಕ್ಕೆ ಕೃಷ್ಣಾಜಿನ ಕಟ್ಟಿಸಿದ್ದು ಯಾರು?"

"ಅದು ಜಿಂಕೆ."

"ನಿಮ್ಮ ಮೃದಂಗಕ್ಕೆ ಹಾಕಿರೋದು?"

ಮಾವ ಒಂದು ಕ್ಷಣ ತಡೆದರು. "ಅದು ನಾದಕ್ಕೆ ಕಣೋ. ಸೋಫಾದಿಂದ ಯಾವ ನಾದ ಬರುತ್ತೆ?" ಎನ್ನುತ್ತ ಕೂತಲ್ಲೇ ಹಿಂದಕ್ಕೆ ಸರಿದರು. ಸೋಫಾ ಉತ್ತರ ಕೊಟ್ಟಿತು. ಸೇಲ್ಸ್‌ಮನ್ ಸಂಭಾವಿತ, ಕಿಟಕಿಯ ಕಡೆ ತಿರುಗಿ ಹವಾಮಾನ ನೋಡತೊಡಗಿದ.

ಮಡಿಯ ಪ್ರಶ್ನೆಯನ್ನು ಅತ್ತೆ ಬೇರೆ ದಾರಿಯಿಂದ ಬಿಡಿಸಿದರು. ಉಣ್ಣೆಗೆ, ರೇಷ್ಮೆಗೆ ಮೈಲಿಗೆಯಿಲ್ಲ, ಹತ್ತಿಯಾದರೆ ಒಗೆದು ಮಡಿ ಮಾಡಬಹುದು. ಬಟ್ಟೆ ಸೋಫಾದ ಚೀಟಿ ಓದಿದರೆ ನೂರಕ್ಕೆ ನೂರು ಪಾಲಿಯೆಸ್ಟರ್. "ಅದಕ್ಕೆ ಶಾಸ್ತ್ರದಲ್ಲಿ ಏನೂ ಹೇಳಿಲ್ಲ. ಆದ್ದರಿಂದ ಪರವಾಗಿಲ್ಲ" ಎಂದು ತೀರ್ಪಾಯಿತು.

ಬಟ್ಟೆಯ ವಿಭಾಗದಲ್ಲಿ ಸೇಲ್ಸ್‌ಮನ್‌ಗೆ ಉತ್ಸಾಹ ಬಂತು. ಮನೆಯಲ್ಲಿ ನಾಯಿ ಇದೆಯೇ? ಇಲ್ಲ. ಬೆಕ್ಕು? ಇಲ್ಲ. ರೆಡ್ ವೈನ್ ಕುಡಿಯುತ್ತೀರಾ? ಮಾವನ ಮುಂದೆ ಎಂಥ ಪ್ರಶ್ನೆ! ಇಲ್ಲ. ಹಾಗಾದರೆ ನಿಮಗೆ ಯಾವ ಬಟ್ಟೆಯೂ ನಡೆಯುತ್ತದೆ ಎಂದುಬಿಟ್ಟ. ಕೊಬ್ಬರಿ ಎಣ್ಣೆ ಹಚ್ಚಿದ ತಲೆಯನ್ನು ಎಲ್ಲಿ ಒರಗಿಸುತ್ತೀರಿ, ಹುಳಿಯನ್ನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಟಿವಿ ನೋಡುತ್ತೀರಾ, ಕಾಲು ನೆಲಕ್ಕೆ ಬಿಡುತ್ತೀರೋ ಮೇಲೆ ಮಡಿಸಿಕೊಂಡು ಚಕ್ಕಳಮಕ್ಕಳ ಹಾಕುತ್ತೀರೋ, ಒಂದನ್ನೂ ಕೇಳಲಿಲ್ಲ. ಅವರ ಪರೀಕ್ಷೆಗಳೂ ಹಾಗೇ. ವೈಜೆನ್‌ಬೀಕ್ ಎಂಬ ಯಂತ್ರದಲ್ಲಿ ಬಟ್ಟೆಯನ್ನು ಹಿಂದಕ್ಕೂ ಮುಂದಕ್ಕೂ ಉಜ್ಜುತ್ತಾರೆ. ಒಮ್ಮೆ ಹೋಗಿ ಬಂದರೆ ಒಂದು ಡಬಲ್ ರಬ್. 15,000 ತಡೆದರೆ ಮನೆ ಬಳಕೆಗೆ ಸಾಕು ಎನ್ನುತ್ತಾರೆ. ಯಂತ್ರಕ್ಕೆ ಒಗ್ಗರಣೆ ಗೊತ್ತಿಲ್ಲ.

ಕುಶನ್ನಿನ ಕೆಳಗೆ ಒಂದು ಪುಟ್ಟ ಚೀಟಿ ಹೊಲಿದಿರುತ್ತದೆ, ಬೆಲೆಗಿಂತ ಮೊದಲು ಅದನ್ನು ನೋಡಬೇಕು. ಡಬ್ಲ್ಯೂ ಎಂದಿದ್ದರೆ ನೀರಿನಿಂದ ಒರೆಸಬಹುದು. ಎಸ್ ಎಂದಿದ್ದರೆ ನೀರು ಕೂಡದು, ಡ್ರೈಕ್ಲೀನಿನ ದ್ರಾವಣವೇ ಆಗಬೇಕು. ಎಕ್ಸ್ ಎಂದಿದ್ದರೆ ಎರಡೂ ಕೂಡದು, ಬರೀ ವ್ಯಾಕ್ಯೂಮು. "ನೀರು ತಾಗಿಸಬಾರದ ಮೇಲೆ ಅದನ್ನ ಮನೆಯೊಳಗೆ ಯಾಕೆ ತರಬೇಕು?" ಎಂದು ಅತ್ತೆ ಕೇಳಿದ್ದಕ್ಕೆ ನನ್ನ ಬಳಿ ಇವತ್ತಿಗೂ ಉತ್ತರವಿಲ್ಲ. ಕವರಿಗೆ ಜಿಪ್ ಇದೆಯೆಂದು ನಂಬುವಂತೆಯೂ ಇಲ್ಲ. ಎಷ್ಟೋ ಸೋಫಾಗಳಲ್ಲಿ ಅದು ಇರುವುದು ಫೋಮು ತುಂಬಲಿಕ್ಕೆ. ತೆಗೆದು ಒಗೆದರೆ ಕವರು ಕುಗ್ಗಿ, ದಸರಾಗೆ ಹೊಲಿಸಿದ ಅಂಗಿಯನ್ನು ಮರುವರ್ಷದ ದಸರಾಗೆ ಮಗನಿಗೆ ತೊಡಿಸುವ ಪಾಡು.

ಇಷ್ಟಾದರೂ ನಮ್ಮನೆಯವರು ಲೆದರಿಗೇ ಜೋತುಬಿದ್ದಿದ್ದರು. ಒರೆಸಿದರೆ ಹೋಯಿತು, ಧೂಳು ಕೂರದು ಎಂಬ ಅವರ ಮಾತು ಸುಳ್ಳೂ ಅಲ್ಲ. ಕೊನೆಗೆ ತೀರ್ಮಾನಿಸಿದ್ದು ಅತ್ತೆಯ ಸೀರೆ. ಹೊರಗೆ ಹೋಗುತ್ತೇವೆಂದು ಅವರು ಮೈಸೂರು ಸಿಲ್ಕ್ ಉಟ್ಟು ಬಂದಿದ್ದರು. ಟಾಪ್ ಗ್ರೇನ್ ಮೇಲೆ ಕೂತರು. ಕೂತವರು ಮೆಲ್ಲಗೆ, ಯಾರೂ ತಳ್ಳದೆ, ಮುಂದಕ್ಕೆ ಬರತೊಡಗಿದರು. ಸೆರಗು ಹಿಡಿದು ಹಿಂದಕ್ಕೆ ಸರಿದರು, ಮತ್ತೆ ಬಂದರು. ಅಂಚು ತಲುಪಿದಾಗ ಮಾವ ಕೈಕೊಟ್ಟರು. ಎದ್ದು ನಿಂತು ನೆರಿಗೆ ಸರಿಮಾಡಿಕೊಂಡ ಅತ್ತೆ, "ವರಮಹಾಲಕ್ಷ್ಮಿ ಹಬ್ಬಕ್ಕೆ ಅರಿಶಿನ ಕುಂಕುಮಕ್ಕೆ ಬಂದ ಮುತ್ತೈದೆಯರೆಲ್ಲ ಸಾಲಾಗಿ ಜಾರಿ ಬೀಳ್ತಾರಲ್ಲೋ" ಎಂದರು. ಎಕ್ಸೆಲ್ ಶೀಟಿನಲ್ಲಿ ಇದಕ್ಕೊಂದು ಕಾಲಮ್ಮೇ ಇರಲಿಲ್ಲ.

ಒಗೆಯಬಹುದಾದ ಕವರಿನ, ಡಬ್ಲ್ಯೂ ಚೀಟಿಯ, ಕೆನೆಬಣ್ಣದ ಬಟ್ಟೆ ಸೋಫಾ ಬಂತು. ಬಣ್ಣ ನನ್ನ ಆಯ್ಕೆ. ಕಲೆಯ ವಿಮೆ ಬೇಕೇ ಎಂದು ಅಂಗಡಿಯವರು ಕೇಳಿದಾಗ ಮಾವ ಸಣ್ಣಕ್ಷರಗಳನ್ನು ಕನ್ನಡಕ ಏರಿಸಿ ಓದಿದರು: ಕೂದಲೆಣ್ಣೆ, ಬೆವರು, ದಿನದಿನವೂ ಕೂಡಿಕೊಂಡ ಕೊಳೆಗೆ ಅನ್ವಯಿಸುವುದಿಲ್ಲ. "ನಮ್ಮ ಹೆಸರೊಂದು ಬಿಟ್ಟು ಎಲ್ಲಾ ಬರೆದಿದಾರೆ" ಎಂದು ವಾಪಸು ಕೊಟ್ಟರು.

ವರಮಹಾಲಕ್ಷ್ಮಿ ಹಬ್ಬದಂದು ಯಾರೂ ಜಾರಲಿಲ್ಲ. ಅರಿಶಿನದ ಬಟ್ಟಲು ಜಾರಿತು. ಎಲ್ಲರೂ ಹೋದ ಮೇಲೆ ನಮ್ಮನೆಯವರು ಯಾವುದೋ ವಿಡಿಯೊ ನೋಡಿ, ಬೇಕಿಂಗ್ ಸೋಡಾ ಕಲಸಿ ಹಚ್ಚಿ ತಿಕ್ಕಿದರು. ಹಳದಿ ಹೋಗಿ ರಕ್ತಗೆಂಪು ಬಂತು. ನಮ್ಮ ಪುಟ್ಟ ಮಗ ಕಿರುಚಿದ. ಅತ್ತೆ ಮಾತ್ರ ತಣ್ಣಗೆ, "ಅರಿಶಿನಕ್ಕೆ ಸುಣ್ಣ ಬಿದ್ರೆ ಆರತಿ ನೀರು ಕೆಂಪಾಗಲ್ವಾ? ಸೋಫಾಗೂ ದೃಷ್ಟಿ ತೆಗೆದ ಹಾಗಾಯ್ತು ಬಿಡು" ಎಂದರು. ಮಾವನ ಕಣ್ಣಿಗೆ ಹೊಳಪು ಬಂದಿತ್ತು. ಮೊಮ್ಮಗನನ್ನು ಪಕ್ಕಕ್ಕೆ ಕೂರಿಸಿಕೊಂಡು, ಅರಿಶಿನದೊಳಗಿನ ಕರ್ಕ್ಯುಮಿನ್ ಪ್ರತ್ಯಾಮ್ಲ ಕಂಡರೆ ಕೆಂಪಾಗುತ್ತದೆ, ಆಮ್ಲ ಕಂಡರೆ ಹಳದಿಗೆ ಮರಳುತ್ತದೆ ಎಂದು ಹೇಳುತ್ತ ಕಲೆಯ ಮೇಲೆ ನಿಂಬೆಹಣ್ಣು ಹಿಂಡಿದರು. ಹಳದಿ ವಾಪಸು ಬಂತು. "ಇನ್ನೊಂದ್ಸಲ ತಾತಾ" ಎಂದು ಮಗ ಸೋಡಾ ಡಬ್ಬಿ ಎತ್ತಿಕೊಂಡ. ಎಂಟು ಸಾವಿರ ಮೈಲಿ ಮೀರಿ ಹಾರಿಬಂದ ಮೇಷ್ಟ್ರಿಗೆ ಕೊನೆಗೂ ಒಬ್ಬ ವಿದ್ಯಾರ್ಥಿ ಸಿಕ್ಕಿದ್ದ. ನಮ್ಮನೆಯವರು ಸೋಫಾದ ಬಿಲ್ಲು ಹುಡುಕುತ್ತಿದ್ದರು.

ಅರಿಶಿನಕ್ಕೆ ಮದ್ದು ಬಿಸಿಲು. ಕರ್ಕ್ಯುಮಿನ್ ಬೆಳಕಿನಲ್ಲಿ ಒಡೆಯುತ್ತದೆ ಎಂದು ಮಾವ ಹೇಳುವಷ್ಟರಲ್ಲಿ ಅತ್ತೆ ಕವರನ್ನು ನೀರಲ್ಲಿ ಜಾಲಿಸಿ, ಹಿತ್ತಿಲ ಡೆಕ್ಕಿನ ಕಟಕಟೆಯ ಮೇಲೆ ಹರವಿಬಿಟ್ಟಿದ್ದರು. ಪಕ್ಕದಲ್ಲೇ ಪ್ಲಾಸ್ಟಿಕ್ ಹಾಳೆಯ ಮೇಲೆ ಅವರ ಅಕ್ಕಿ ಸಂಡಿಗೆ ಒಣಗುತ್ತಿತ್ತು. ಕ್ಯಾರೊಲಿನಾದ ಆಗಸ್ಟ್ ಬಿಸಿಲು ಎರಡಕ್ಕೂ ಸಮನಾಗಿ ಬಿತ್ತು. ಕಲೆ ದಿನದಿನಕ್ಕೆ ತೆಳುವಾಯಿತು.

ಆ ವಾರವೇ ಎಚ್‌ಒಎಯಿಂದ ಪತ್ರ ಬಂತು. ಹೊರಗೆ ಬಟ್ಟೆ ಒಣಹಾಕುವುದು ಬಡಾವಣೆಯ ನಿಯಮಕ್ಕೆ ವಿರುದ್ಧ, ಕೂಡಲೇ ತೆಗೆಯತಕ್ಕದ್ದು. ಜೊತೆಗೆ ಫೋಟೊ: ನಡುವೆ ನಮ್ಮ ಸೋಫಾ ಕವರು, ಕೆಳಗಡೆ ಮೂಲೆಯಲ್ಲಿ ಸಾಲು ಸಾಲು ಸಂಡಿಗೆ. ನಾನು ಓದಿ ಹೇಳಿದೆ. ಅತ್ತೆ ಫೋಟೊವನ್ನು ಕೈಗೆ ತೆಗೆದುಕೊಂಡು ಹತ್ತಿರದಿಂದ ನೋಡಿದರು.

"ಸಂಡಿಗೆ ಬಗ್ಗೆ ಏನಾದ್ರೂ ಬರೆದಿದಾರೇನಮ್ಮಾ?"

"ಇಲ್ಲ ಅತ್ತೆ."

"ಹಾಗಾದ್ರೆ ಕವರು ಎತ್ತಿಬಿಡು. ಜಾಗ ಆಗುತ್ತೆ, ನಾಳೆ ಇನ್ನೊಂದು ಸೇರು ಹಾಕ್ತೀನಿ."