ಅಜ್ಜಿಯ ನಡಿಗೆ, ಮೊಮ್ಮಗಳ ಹೋಂವರ್ಕ್

ನಮ್ಮವರ ಇಂಗ್ಲಿಷ್ ಉಪಮೆಗಳೆಲ್ಲ ದಾವಣಗೆರೆಯ ಹೈಸ್ಕೂಲಿನಲ್ಲಿ ಉರು ಹೊಡೆದವು. ಆ್ಯಸ್ ಬ್ರೇವ್ ಆ್ಯಸ್ ಎ ಲಯನ್, ಆ್ಯಸ್ ಬ್ಯುಸಿ ಆ್ಯಸ್ ಎ ಬೀ. ಇಂಗ್ಲೆಂಡಿಗೆ ಬಂದು ನೋಡಿದರೆ ಇವರ ಆಫೀಸಿನಲ್ಲಿ ಒಬ್ಬರೂ ಸಿಂಹ, ಜೇನ್ನೊಣಗಳ ತಂಟೆಗೆ ಹೋಗುವುದಿಲ್ಲ. ಅಲ್ಲಿ ಉಪಮೆ ಇರುವುದು ನಗುನಗುತ್ತಾ ಬೈಯುವುದಕ್ಕೆ. ಕೈಲಾಗದವನನ್ನು ದಡ್ಡ ಎನ್ನುವುದಿಲ್ಲ. ಚಾಕೊಲೇಟಿನ ಟೀಪಾಟಿನಷ್ಟು ಉಪಯೋಗಕ್ಕೆ ಬರುತ್ತಾನೆ ಎನ್ನುತ್ತಾರೆ. ಬಿಸಿ ಚಹಾ ಸುರಿದರೆ ಪಾತ್ರೆಯೇ ಕರಗೀತು ಎಂದು ಹೊಳೆಯುವಷ್ಟರಲ್ಲಿ ಬೈಸಿಕೊಂಡವನು ಥ್ಯಾಂಕ್ಯೂ ಹೇಳಿ ಆಗಿರುತ್ತದೆ.

ಇವರ ಪ್ರೆಸೆಂಟೇಶನ್ ಮುಗಿದಾಗ ಮ್ಯಾನೇಜರು 'ಕ್ಲಿಯರ್ ಆ್ಯಸ್ ಮಡ್' ಅಂದರಂತೆ. ಕ್ಲಿಯರ್ ಎಂಬಷ್ಟನ್ನು ಕಿವಿಗೆ ಹಾಕಿಕೊಂಡು, ಬರುವಾಗ ಕೇಕ್ ತಂದರು. ಒಂಬತ್ತರ ಮಗಳು ತನ್ನ ಪಾಲು ಮುಗಿಸಿ, ಬೆರಳು ನೆಕ್ಕಿ, "ಅಪ್ಪಾ, ಮಡ್ ಕ್ಲಿಯರ್ ಇರಲ್ಲ" ಎಂದಳು. ತಿಂದಾದ ಮೇಲೆ ಹೇಳಿದ್ದು ನನ್ನ ಕಡೆಯ ಬುದ್ಧಿ.

ಬೇಸಿಗೆಗೆ ಬಂದಿಳಿದ ಅತ್ತೆಗೆ ಉಪಮೆಯಿಲ್ಲದೆ ಮಾತೇ ಹೊರಡದು. ಮಗ ದುಡ್ಡು ಉಳಿಸುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅವನಿಗೆ ಬುದ್ಧಿ ಹೇಳುವುದು ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ಮೊಮ್ಮಗಳು 'ಡೆಡ್ ಆ್ಯಸ್ ಎ ಡೋರ್‌ನೇಲ್' ಎಂದು ಓದುತ್ತಿದ್ದರೆ ತಡೆದು ಅರ್ಥ ಕೇಳಿಕೊಂಡು, "ಬಾಗಿಲ ಮೊಳೆ ಬದುಕಿದ್ದು ಯಾವಾಗಲೇ?" ಎಂದರು. ಡಿಕನ್ಸ್‌ಗೂ ಇಂಥದೇ ತಕರಾರಿತ್ತು. 1843ರ 'ಎ ಕ್ರಿಸ್‌ಮಸ್ ಕ್ಯಾರಲ್' ಶುರುವಾಗುವಾಗಲೇ, ಸತ್ತ ಮೊಳೆ ಬೇಕೆಂದರೆ ಶವಪೆಟ್ಟಿಗೆಯದೇ ವಾಸಿಯಲ್ಲವೇ ಎಂದು ತರ್ಕ ತೆಗೆದು, ಹಿರಿಯರ ಮಾತು ಕೆಡಿಸಬಾರದೆಂದು ಕೈಬಿಡುತ್ತಾನೆ. ಅತ್ತೆ ಕೈಬಿಡಲಿಲ್ಲ. ಊಟದ ಹೊತ್ತಿಗೂ ಮೊಳೆಯೇ.

ಆ ವಾರದ ಹೋಂವರ್ಕು ಮನೆಯವರೊಬ್ಬರ ಮೇಲೆ ಒಂದು ಉಪಮೆ. ಅಜ್ಜಿಯನ್ನು ಆರಿಸಿಕೊಂಡ ಮಗಳು ಅಜ್ಜಿಯನ್ನೇ ಕೇಳಿದಳು. ಮದುವೆಯಾದ ಹೊಸದರಲ್ಲಿ ತಮ್ಮನ್ನು ಎಲ್ಲರೂ ಗಜಗಮನೆ ಅನ್ನುತ್ತಿದ್ದರೆಂದು ಅತ್ತೆ ಸೆರಗು ಸರಿಮಾಡಿಕೊಂಡೇ ಹೇಳಿದರು. 'ನಮ್ಮಜ್ಜಿ ಆನೆಯಂತೆ ನಡೆಯುತ್ತಾರೆ' ಎಂದು ಇಂಗ್ಲಿಷಿನಲ್ಲಿ ಹೋಯಿತು. ಪಕ್ಕದಲ್ಲಿ ಹಸಿರು ಶಾಯಿಯ ಷರಾ ಹೊತ್ತು ಬಂತು: 'ಬಿ ಕೈಂಡ್!'

ನಮ್ಮವರಿಗೆ ಎಲ್ಲಿಲ್ಲದ ಹುರುಪು. ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು ಎಂಬ ಶಾಲೆಯ ವಾಕ್ಯ ಹಿಡಿದು, ಉಪಮೇಯ, ಉಪಮಾನ, ವಾಚಕಪದ, ಸಮಾನಧರ್ಮ ಎಂದು ನಾಲ್ಕು ಬಿಡಿಭಾಗ ಬಿಚ್ಚಿ, ಟೀಚರಿಗೆ ಎರಡು ಪುಟದ ಇಮೇಲ್ ಬರೆಯಲು ಕೂತರು. ಆನೆಯ ಜೊತೆಗೆ ಗದಾಯುದ್ಧವೂ ಸೇರಿದರೆ ಶಾಲೆಯಿಂದ ಫೋನೇ ಬಂದೀತೆಂದು ನಾನು ಲ್ಯಾಪ್‌ಟಾಪ್ ಮುಚ್ಚಿದೆ.

ಅತ್ತೆ ಮಾತ್ರ ಮೊಬೈಲಿನಲ್ಲಿ ಮೈಸೂರಿನ ಜಂಬೂಸವಾರಿ ಹಾಕಿ ಮೊಮ್ಮಗಳ ಕೈಗಿತ್ತರು. "750 ಕೆಜಿ ಅಂಬಾರಿ ಹೊತ್ಕೊಂಡು ಇಷ್ಟು ನಾಜೂಕಾಗಿ ನಡೆಯೋಕೆ ನಿಮ್ಮ ಟೀಚರಿಗೆ ಬರತ್ತಾ ಕೇಳ್ಕೊಂಡು ಬಾ."