ಪಾಲಕ್ ಸೊಪ್ಪಿಗೂ ಒಂದು ಬ್ಯಾಡ್ಜ್

ಸಂಕಲ್ಪ ಮಾಡುವ ಕಾಲ ಮುಗಿಯಿತಂತೆ. "ಜನವರಿ ಒಂದರಿಂದ ಸಕ್ಕರೆ ಬಿಟ್ಟೆ" ಎನ್ನುವುದು ಈಗ ಹಳ್ಳಿಗಮಾರರ ಮಾತು. "ಸಕ್ಕರೆ ಸಾಮ್ರಾಜ್ಯದ ಮೇಲೆ ದಂಡಯಾತ್ರೆ ಹೊರಟಿದ್ದೇನೆ" ಎನ್ನಬೇಕು. ಬೆಳಿಗ್ಗೆ ವಾಕಿಂಗ್ ಹೋದರೆ ಅದು ಅನ್ವೇಷಣೆ, ಹೊಟ್ಟೆ ಕರಗಿಸಿದರೆ ಲೆವೆಲ್ ಒಂದು, ಪಾಲಕ್ ಸೊಪ್ಪು ತಿಂದರೆ ಹಸಿರು ಬ್ಯಾಡ್ಜ್. ಗುರಿ ಎಂದರೆ ಶಿಸ್ತಲ್ಲ, ಸಾಹಸ. ಬದುಕು ಎಂದರೆ ಆಟ. ಇದನ್ನು ಬೋಧಿಸಲು ಲೈಫ್ ಕೋಚ್ ಎಂಬ ಹೊಸ ಪುರೋಹಿತರು ಅವತರಿಸಿದ್ದಾರೆ. ಹಳೆಯ ಪುರೋಹಿತರು ಸಂಕಲ್ಪ ಮಾಡಿಸುವಾಗ ಗೋತ್ರ, ನಕ್ಷತ್ರ ಕೇಳುತ್ತಿದ್ದರು. ಇವರು ಇಮೇಲ್ ಕೇಳುತ್ತಾರೆ. ದಕ್ಷಿಣೆ ಮಾತ್ರ ಮುಂಗಡ, ಯುಪಿಐ ಮೂಲಕ.

ಹಳೆಯ ಸಂಕಲ್ಪದ ಪರ ನಾನು ವಕಾಲತ್ತು ವಹಿಸುತ್ತಿಲ್ಲ. ಅದರ ಬಂಡವಾಳ ಎಲ್ಲರಿಗೂ ಗೊತ್ತು. ಅಮೆರಿಕದ ಮೂರು ಜಿಮ್‌ಗಳ ಲೆಕ್ಕ ತೆಗೆದು ಇಬ್ಬರು ಅರ್ಥಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ತಿಂಗಳಿಗೆ 70 ಡಾಲರಿಗಿಂತ ಹೆಚ್ಚು ಕಟ್ಟಿ ಸದಸ್ಯರಾದವರು ಹೋಗುತ್ತಿದ್ದದ್ದು ತಿಂಗಳಿಗೆ ಸರಾಸರಿ ನಾಲ್ಕು ಚಿಲ್ಲರೆ ಸಲ. ಒಂದೊಂದು ಸಲಕ್ಕೂ 17 ಡಾಲರಿಗೂ ಮಿಕ್ಕಿ ಬಿತ್ತು. ಹತ್ತು ಭೇಟಿಯ ಪಾಸು ಕೊಂಡಿದ್ದರೆ ಅದೇ ಬೆವರು 10 ಡಾಲರಿಗೆ ಸಿಗುತ್ತಿತ್ತು. ಜಿಮ್‌ನವರು ಮಾರುವುದು ವ್ಯಾಯಾಮವನ್ನಲ್ಲ, ನಾಳೆ ಬಂದೇ ಬರುತ್ತೇನೆಂಬ ನಂಬಿಕೆಯನ್ನು.

ಬೆಂಜಮಿನ್ ಫ್ರಾಂಕ್ಲಿನ್ ಕಥೆ ಇನ್ನೂ ಚೆಂದ. ಹದಿಮೂರು ಸದ್ಗುಣಗಳ ಪಟ್ಟಿ ಮಾಡಿ, ಚಿಕ್ಕ ಪುಸ್ತಕದಲ್ಲಿ ಕೆಂಪು ಗೆರೆ ಎಳೆದು, ತಪ್ಪಿದಾಗಲೆಲ್ಲ ಕಪ್ಪು ಚುಕ್ಕಿ ಇಡುತ್ತ ಹೋದ ಮಹಾನುಭಾವ ಆತ. ಹಳೆಯ ಚುಕ್ಕಿ ಕೆರೆದು ಹೊಸ ಚುಕ್ಕಿಗೆ ಜಾಗ ಮಾಡಿ ಮಾಡಿ ಕಾಗದ ತೂತು ಬಿತ್ತು. ಕೊನೆಗೆ ಆ ಕೋಷ್ಟಕವನ್ನು ದಂತದ ಹಾಳೆಗಳಿಗೆ ಏರಿಸಿದ. ಹೆಚ್ಚು ಕಾಡಿದ ಗುಣ ಯಾವುದು ಗೊತ್ತೇ? ಅಚ್ಚುಕಟ್ಟುತನ! ಇಷ್ಟೆಲ್ಲ ಆತ್ಮಕಥೆಯಲ್ಲಿ ತಾನೇ ಬರೆದುಕೊಂಡಿದ್ದಾನೆ, ನಗುತ್ತಲೇ.

ಆದ್ದರಿಂದ ಸಂಕಲ್ಪ ಸತ್ತರೆ ನನಗೇನೂ ಸೂತಕವಿಲ್ಲ. ತಕರಾರು ಇರುವುದು ಅದರ ಜಾಗಕ್ಕೆ ಬಂದು ಕುಳಿತ 'ಆಟ'ದ ಬಗ್ಗೆ.

ಇದು ಎಂಥ ಆಟ ನೋಡಿ. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕಬೇಕಂತೆ. ಈ ಸಂಖ್ಯೆಯನ್ನು ಯಾವ ವೈದ್ಯನೂ ಅಳೆದು ತೂಗಿ ಕೊಟ್ಟದ್ದಲ್ಲ. ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರಿನಲ್ಲಿ ಅದಿತ್ತು, ಅಷ್ಟೆ. ಆ ಜಾಹೀರಾತಿನ ಋಣ ತೀರಿಸಲು ನಮ್ಮ ಐಟಿ ಮಂದಿ ರಾತ್ರಿ ಹನ್ನೊಂದೂವರೆಗೆ ಡೈನಿಂಗ್ ಟೇಬಲ್ ಸುತ್ತ ಪ್ರದಕ್ಷಿಣೆ ಹಾಕುತ್ತಾರೆ. ಲೆಕ್ಕ ಕಮ್ಮಿ ಬಿದ್ದರೆ ಫೋನನ್ನು ಮಗುವಿನ ತೊಟ್ಟಿಲಿಗೆ ಕಟ್ಟಿ ತೂಗುವ ಜಾಣರೂ ಉಂಟು. ಮಗುವೂ ಮಲಗಿತು, ಅಪ್ಪನೂ ಕೈಲಾಸಕ್ಕೆ ನಡೆದು ಬಂದ. ಅತ್ತ ಭಾಷೆ ಕಲಿಸುವ ಡ್ಯುವೊಲಿಂಗೊದ ಹಸಿರು ಗೂಬೆ, ಒಂದು ದಿನ ಪಾಠ ತಪ್ಪಿದರೆ ಹಳೆಯ ಸಾಲಗಾರನಂತೆ ಬಾಗಿಲು ಬಡಿಯುತ್ತದೆ. ಸರಪಳಿ ಕಡಿಯಬಾರದೆಂದಿದ್ದರೆ ಆಟದ ಹರಳು ತೆತ್ತು ಮಾಫಿ ಕೊಳ್ಳಬಹುದು. ಪ್ರಾಯಶ್ಚಿತ್ತಕ್ಕೂ ದರಪಟ್ಟಿ ಇದೆ.

ಕಚೇರಿಗಳಲ್ಲಂತೂ ಎಚ್‌ಆರ್ ಇಲಾಖೆಯೇ ಸಾಹಸದ ಗುತ್ತಿಗೆ ಹಿಡಿದಿದೆ. ಯಾರು ಎಷ್ಟು ನಡೆದರು, ಎಷ್ಟು ನೀರು ಕುಡಿದರು, ಎಷ್ಟು ನಿಮಿಷ ಧ್ಯಾನ ಮಾಡಿದರು ಎಂಬುದೆಲ್ಲ ಶುಕ್ರವಾರದೊಳಗೆ ಎಕ್ಸೆಲ್ ಶೀಟಿಗೆ ಬೀಳಬೇಕು. "ಮಜಾ ಮಾಡಿ, ಆದರೆ ಡೆಡ್‌ಲೈನ್ ಮರೆಯಬೇಡಿ" ಎಂದು ಮೇಲ್ ಬರುತ್ತದೆ. ಧ್ಯಾನದಲ್ಲಿ ಮೊದಲ ಬಹುಮಾನ ಪಡೆದವರಿಗೆ ಕಾಫಿ ಕೂಪನ್. ಹೊರೆ ಇಳಿಸುತ್ತೇವೆಂದು ಬಂದವರು ಹೊರೆಗೆ ಬಣ್ಣದ ಕಾಗದ ಸುತ್ತಿ ಮತ್ತೆ ತಲೆಯ ಮೇಲಿಟ್ಟರು.

ಇದೇ ಮಂದಿಯ ಅಪಾರ್ಟ್‌ಮೆಂಟುಗಳಲ್ಲಿ ಸರ್ವಿಸ್ ಲಿಫ್ಟ್ ಕೆಟ್ಟ ದಿನ ಐದು ಮನೆಯ ಕೆಲಸಕ್ಕಾಗಿ ನಾಲ್ಕು ಮಹಡಿ ಹತ್ತಿಳಿಯುವ ಅಕ್ಕನಿಗೆ ಯಾವ ಬ್ಯಾಡ್ಜೂ ಇಲ್ಲ. ಅವಳು ಲೆವೆಲ್ ದಾಟುತ್ತಿದ್ದಾಳೆಂದು ಯಾವ ಕೋಚೂ ಹೇಳಿಲ್ಲ. ತಡವಾಯಿತೆಂದು ಬೈಸಿಕೊಂಡದ್ದು ಮಾತ್ರ ನಿಜ.

ಬಹುಮಾನ ಆಟವನ್ನು ಏನು ಮಾಡುತ್ತದೆ ಎಂಬುದು ಹೊಸ ವಿಷಯವೂ ಅಲ್ಲ. 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ನಡೆದದ್ದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ. ಚಿತ್ರ ಬಿಡಿಸುವುದೆಂದರೆ ಪ್ರಾಣ ಎನ್ನುವ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ಚಿನ್ನದ ನಕ್ಷತ್ರ, ರಿಬ್ಬನ್ ಇರುವ ಪ್ರಶಸ್ತಿಪತ್ರ ಕೊಡುತ್ತೇವೆಂದು ಮೊದಲೇ ಆಸೆ ತೋರಿಸಿದರು. ಕೊಟ್ಟರೂ ಕೊಟ್ಟರು. ಕೆಲವು ದಿನ ಬಿಟ್ಟು ನೋಡಿದರೆ ಆ ಮಕ್ಕಳು ಬಣ್ಣದ ಪೆನ್ನು ಮುಟ್ಟುವುದನ್ನೇ ಕಡಿಮೆ ಮಾಡಿದ್ದರು. ಆಸೆ ತೋರಿಸದೆ ಬಿಟ್ಟ ಮಕ್ಕಳು ಮೊದಲಿನಂತೆಯೇ ಗೀಚುತ್ತಿದ್ದರು. ಮೂರರಿಂದ ಐದು ವರ್ಷದ ಕೂಸುಗಳಿಗೆ ಅರ್ಥವಾದದ್ದು ನಮ್ಮ ವೈಸ್ ಪ್ರೆಸಿಡೆಂಟುಗಳಿಗೆ ಆಗಿಲ್ಲ.

ನಿಜವಾಗಿ ಆಡಿದವರು ನಮ್ಮಲ್ಲೇ ಇದ್ದರು. ಶಿವರಾಮ ಕಾರಂತರು ಕಾದಂಬರಿ ಬರೆದರು, ಯಕ್ಷಗಾನದಲ್ಲಿ ಕುಣಿದರು, ಕುಣಿಸಿದರು, ಮೂಕಿ ಸಿನಿಮಾ ತೆಗೆದರು, ಪುತ್ತೂರಿನಲ್ಲಿ ಬಾಲವನ ಕಟ್ಟಿದರು, ಮಕ್ಕಳಿಗೆ ವಿಶ್ವಕೋಶ ಬರೆದರು. ಸಾಲದೆಂಬಂತೆ 1989ರಲ್ಲಿ, 87ರ ವಯಸ್ಸಿನಲ್ಲಿ, ಪರಿಸರದ ಪರ ಲೋಕಸಭೆ ಚುನಾವಣೆಗೆ ನಿಂತು ಸೋತರು. ತಮ್ಮ ಆತ್ಮಕಥೆಗೆ ಇಟ್ಟ ಹೆಸರು 'ಹುಚ್ಚು ಮನಸ್ಸಿನ ಹತ್ತು ಮುಖಗಳು'. ಇಂದಿನ ಕೋಚ್ ಕೈಗೆ ಸಿಕ್ಕಿದ್ದರೆ "ಸರ್, ನಿಮಗೆ ಫೋಕಸ್ ಇಲ್ಲ, ಒಂದು ಮುಖ ಆರಿಸಿಕೊಳ್ಳಿ" ಎಂದು ಪ್ಯಾಕೇಜ್ ಮುಂದಿಡುತ್ತಿದ್ದ. ಮೂಡಿಗೆರೆಯ ತೋಟದಲ್ಲಿ ಮೀನು ಹಿಡಿಯುತ್ತ, ಹಕ್ಕಿಗಳ ಫೋಟೊ ತೆಗೆಯುತ್ತ, ನಡುವೆ ಕಂಪ್ಯೂಟರಿಗೆ ಕನ್ನಡ ಕಲಿಸುವ ಉಸಾಬರಿ ಹಚ್ಚಿಕೊಂಡ ಪೂರ್ಣಚಂದ್ರ ತೇಜಸ್ವಿಯವರನ್ನು ಕಂಡಿದ್ದರೆ ಅವನು ಕೈಯನ್ನೇ ಚೆಲ್ಲುತ್ತಿದ್ದ. ಇವರಿಬ್ಬರೂ ಸೋಮಾರಿಗಳಾಗಿರಲಿಲ್ಲ. ಸುರಿಸಿದ ಬೆವರು ನಮ್ಮ ಇಡೀ ಅಪಾರ್ಟ್‌ಮೆಂಟಿನದಕ್ಕಿಂತ ಹೆಚ್ಚು. ಅದರ ವರದಿಯನ್ನು ಮಾತ್ರ ಯಾರಿಗೂ ಒಪ್ಪಿಸಲಿಲ್ಲ.

ಆದ್ದರಿಂದ ಓದುಗರೇ, ಸಂಕಲ್ಪವೋ ಆಟವೋ, ನಿಮ್ಮಿಷ್ಟ. ಆಟವೇ ಎಂದಾದರೆ ಬೇಸರ ಬಂದಾಗ ಅರ್ಧಕ್ಕೇ ಎದ್ದು ಹೋಗುವ ಹಕ್ಕನ್ನು ಯಾರಿಗೂ ಬರೆದುಕೊಡಬೇಡಿ. ಹಾರ್ಮೋನಿಯಂ ಕಲಿಯಬೇಕೆನಿಸಿದರೆ ಕಲಿಯಿರಿ, ಅಪಸ್ವರ ನುಡಿಸಿ, ಪಕ್ಕದ ಮನೆಯವರ ಕೈಲಿ ಬೈಸಿಕೊಳ್ಳಿ, ಸಾಕೆನಿಸಿದರೆ ಅಟ್ಟಕ್ಕೆ ಹಾಕಿ. ವಾಟ್ಸ್ಯಾಪ್ ಗುಂಪಿಗೆ ಸ್ಕ್ರೀನ್‌ಶಾಟ್ ಮಾತ್ರ ಕಳಿಸಬೇಡಿ, ದಯವಿಟ್ಟು.